ಘಾಟಿಯ ನಾಗ, ಚೀನಾದ ಡ್ರ್ಯಾಗನ್

ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯಕ್ಕೆ ಹೋದವರು ಅಲ್ಲಿ ಸಾಲಾಗಿ ನಿಂತಿರುವ ನಾಗರಕಲ್ಲುಗಳನ್ನು ನೋಡಿರುತ್ತಾರೆ. ಮಕ್ಕಳಿಲ್ಲದ ದಂಪತಿಗಳು ಹರಕೆ ಹೊತ್ತು ಪ್ರತಿಷ್ಠೆ ಮಾಡಿಸಿದ ಕಲ್ಲುಗಳಿವು. ನಾಗರಕಲ್ಲುಗಳಲ್ಲಿ ಸಾಮಾನ್ಯವಾಗಿ ಕಾಣುವ ಒಂದು ಚಿತ್ರವೆಂದರೆ ಹೆಣೆದುಕೊಂಡ ಜೋಡಿ ಹಾವು.

ಚೀನಾದ ಶಾಂಡಾಂಗ್ ಪ್ರಾಂತ್ಯದಲ್ಲಿರುವ ವೂ ಮನೆತನದ ಸಮಾಧಿ ಗುಡಿಗಳ ಶಿಲಾಫಲಕಗಳಲ್ಲೂ ಇದನ್ನು ಹೋಲುವ ಚಿತ್ರವಿದೆ. ಕ್ರಿ.ಶ. 2ನೇ ಶತಮಾನದ ಈ ಫಲಕದಲ್ಲಿರುವವರು ಆದಿದಂಪತಿಗಳಾದ ಫೂಶಿ ಮತ್ತು ನ್ಯೂವಾ. ಸೊಂಟದ ಮೇಲೆ ಮನುಷ್ಯರೂಪ, ಕೆಳಗೆ ಹಾವಿನ ಮೈ. ಬಾಲಗಳು ಒಂದಕ್ಕೊಂದು ಸುತ್ತಿಕೊಂಡಿವೆ. ಹಳದಿ ಮಣ್ಣಿನಿಂದ ಮನುಷ್ಯರನ್ನು ಮಾಡಿದವಳು ನ್ಯೂವಾ. ಆಕಾಶ ಬಿರಿದಾಗ ಐದು ಬಣ್ಣದ ಕಲ್ಲು ಕರಗಿಸಿ ತೇಪೆ ಹಾಕಿದಳು. ದೊಡ್ಡ ಆಮೆಯ ಕಾಲು ಕಡಿದು ನಾಲ್ಕು ದಿಕ್ಕಿಗೂ ಕಂಬ ನಿಲ್ಲಿಸಿದಳು ಎನ್ನುತ್ತದೆ ಪುರಾಣ.

ಹಾಗಾದರೆ ಚೀನೀಯರ ಸರ್ಪಕಲ್ಪನೆ ಭಾರತದಿಂದ ಹೋದದ್ದೇ? ಹಾಗೆ ಹೇಳುವಂತಿಲ್ಲ. ಅವರ ಡ್ರ್ಯಾಗನ್‌ಗೆ 'ಲುಂಗ್' ಎಂದು ಹೆಸರು. ಮೂರು ಸಾವಿರ ವರ್ಷಗಳ ಹಿಂದಿನ ಶಾಂಗ್ ಅರಸರ ಕಾಲದ ಮೂಳೆಬರಹಗಳಲ್ಲೇ ಆ ಅಕ್ಷರವಿದೆ. ಬೌದ್ಧಧರ್ಮ ಅಲ್ಲಿಗೆ ಕಾಲಿಟ್ಟದ್ದು ಕ್ರಿ.ಶ. 1ನೇ ಶತಮಾನದ ಸುಮಾರಿಗೆ. ರೂಪವೂ ಬೇರೆ: ನಮ್ಮ ನಾಗನಿಗೆ ಹೆಡೆ, ಹುತ್ತದ ವಾಸ, ಲುಂಗ್‌ಗೆ ಕೊಂಬು, ಕಾಲು, ಮೀಸೆ, ಮೋಡಗಳ ಸಂಚಾರ.

ಇವೆರಡೂ ಬೆರೆತದ್ದು ಅನುವಾದದಿಂದ. ಬೌದ್ಧ ಗ್ರಂಥಗಳನ್ನು ಚೀನಿ ಭಾಷೆಗೆ ತಂದವರು 'ನಾಗ' ಎಂಬ ಪದಕ್ಕೆ 'ಲುಂಗ್' ಎಂದೇ ಬರೆದರು. ಕ್ರಿ.ಶ. 406ರಲ್ಲಿ ಕುಮಾರಜೀವ ಅನುವಾದಿಸಿದ 'ಸದ್ಧರ್ಮ ಪುಂಡರೀಕ ಸೂತ್ರ'ದಲ್ಲಿ ನಮ್ಮ ವಾಸುಕಿ, ತಕ್ಷಕರು ಡ್ರ್ಯಾಗನ್ ರಾಜರಾಗಿ ಬರುತ್ತಾರೆ. ಸಮುದ್ರದಡಿಯ ಅರಮನೆಯಲ್ಲಿದ್ದು ಮಳೆ ಸುರಿಸುವ 'ಲುಂಗ್‌ವಾಂಗ್' ಎಂಬ ದೇವರು ಚೀನಾದ ಹಳ್ಳಿಹಳ್ಳಿಗೂ ಬಂದದ್ದು ಈ ಬೆರಕೆಯಿಂದ. ಹಳೆಯ ಲುಂಗ್ ಅಳಿಯಲಿಲ್ಲ. ಅದಕ್ಕೆ ನಾಗರಾಜನ ಪರಿವಾರ ಸೇರಿಕೊಂಡಿತು.

ನ್ಯೂವಾ-ಫೂಶಿ ಜೋಡಿಯಾದರೋ ಈ ಅನುವಾದಕ್ಕಿಂತ ಹಳೆಯದು. ಹೆಣೆದ ಹಾವಿನಲ್ಲಿ ದಾಂಪತ್ಯವನ್ನೂ ಸಂತಾನವನ್ನೂ ಕಾಣಲು ಎರಡು ನಾಡುಗಳವರಿಗೂ ಒಬ್ಬರಿಂದೊಬ್ಬರು ಕಲಿಯುವ ಅಗತ್ಯ ಬಿದ್ದಂತಿಲ್ಲ. ಘಾಟಿಯಲ್ಲಿ ಪುಷ್ಯ ಮಾಸದಲ್ಲಿ ರಥೋತ್ಸವ, ದನಗಳ ಜಾತ್ರೆ ನಡೆಯುತ್ತವೆ. ಚೀನಾದ ಹೆನಾನ್ ಪ್ರಾಂತ್ಯದ ಹ್ವಾಯ್‌ಯಾಂಗ್‌ನಲ್ಲಿ, ಫೂಶಿಯ ಸಮಾಧಿ ಎಂದು ಜನ ನಂಬಿರುವ ಸ್ಥಳದಲ್ಲಿ, ಅವರ ಎರಡನೇ ಚಾಂದ್ರಮಾಸದಲ್ಲಿ ಜಾತ್ರೆ ಸೇರುತ್ತದೆ. ಅಲ್ಲಿಗೂ ಮಕ್ಕಳ ಭಾಗ್ಯ ಬೇಡಿಕೊಂಡು ಬರುವವರಿದ್ದಾರೆ.