ಫೋಲ್ಡರ್ ಮರದಲ್ಲಿ ಗುರುಗುಂಟಾ: ಫೈಲ್ ಮ್ಯಾನೇಜರ್ ಮತ್ತು ಕನ್ನಡ ಹೆಸರುಗಳು

ಕಂದಾಯ ಇಲಾಖೆಯ ಲೆಕ್ಕದಲ್ಲಿ ಗುರುಗುಂಟಾ ರಾಯಚೂರು ಜಿಲ್ಲೆ ಲಿಂಗಸುಗೂರು ತಾಲೂಕಿನ ಒಂದು ಹೋಬಳಿ. ಭೂಮಿ ತಂತ್ರಾಂಶದಲ್ಲಿ ಪಹಣಿ ಹುಡುಕುವವರು ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ಎಂದು ಒಂದೊಂದೇ ಮೆಟ್ಟಿಲು ಇಳಿಯಬೇಕು. ಕಂಪ್ಯೂಟರಿನ ಫೈಲ್ ಮ್ಯಾನೇಜರ್ ಪರದೆಯ ಎಡಬದಿಯಲ್ಲಿ ಬಿಡಿಸಿಡುವ ಫೋಲ್ಡರ್ ಮರದ ಕ್ರಮವೂ ಇದೇ. ಹಾಗಾಗಿ ಫೋಲ್ಡರಿನೊಳಗೆ ಫೋಲ್ಡರ್ ಎಂಬ ಏರ್ಪಾಡು ನಮ್ಮ ಕಚೇರಿಗಳಿಗೆ ಹೊಸದೇನಲ್ಲ. ತೊಡಕಿರುವುದು ಮರದಲ್ಲಲ್ಲ, ಅದರ ಕೊಂಬೆಗಳಿಗೆ ಇಡುವ ಹೆಸರಿನಲ್ಲಿ ಎಂಬುದು ಈ ಲೇಖನದ ವಾದ.

ಸಲಕರಣೆಯ ಚರಿತ್ರೆಯನ್ನು ಚುಟುಕಾಗಿ ಹೇಳಬಹುದು. 1981ರ ಜೆರಾಕ್ಸ್ ಸ್ಟಾರ್ ಕಡತಗಳನ್ನು ಚಿತ್ರಗಳಾಗಿ ತೋರಿಸಿತು. 1984ರಲ್ಲಿ ಮ್ಯಾಕಿಂಟಾಷ್‌ನ ಫೈಂಡರ್ ಬಂತು. 1986ರ ನಾರ್ಟನ್ ಕಮಾಂಡರ್ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಇಲ್ಲಿಂದ ಅಲ್ಲಿಗೆ ಸಾಗಿಸುವುದನ್ನು ಸುಲಭ ಮಾಡಿತು. ನಮ್ಮ ಸರ್ಕಾರಿ ಕಚೇರಿಗಳ ಮಟ್ಟಿಗೆ ಫೈಲ್ ಮ್ಯಾನೇಜರ್ ಎಂದರೆ ವಿಂಡೋಸ್ 95ರೊಂದಿಗೆ ಬಂದ ಎಕ್ಸ್‌ಪ್ಲೋರರ್ ಮತ್ತು ಅದರ ಮುಂದಿನ ಆವೃತ್ತಿಗಳು.

ಮರದ ಅನುಕೂಲ ಮಸ್ಕಿಯ ಉದಾಹರಣೆಯಲ್ಲಿ ಚೆನ್ನಾಗಿ ಕಾಣುತ್ತದೆ. ಲಿಂಗಸುಗೂರು ತಾಲೂಕಿನಲ್ಲಿದ್ದ ಮಸ್ಕಿಯನ್ನು ಪ್ರತ್ಯೇಕ ತಾಲೂಕು ಮಾಡುವುದಾಗಿ 2017ರ ಬಜೆಟ್ ಘೋಷಿಸಿತು. ಕಾಗದದಲ್ಲಾದರೆ ರೆಕಾರ್ಡ್ ರೂಮಿನ ಬಟ್ಟೆಗಂಟು ಬಿಚ್ಚಿ, ಗ್ರಾಮವಾರು ವಿಂಗಡಿಸಿ, ಪಟ್ಟಿ ಬರೆದು, ಸಹಿ ಪಡೆದು ಒಪ್ಪಿಸಬೇಕು. ಫೈಲ್ ಮ್ಯಾನೇಜರಿನಲ್ಲಿ ಮಸ್ಕಿ ಫೋಲ್ಡರನ್ನು ಎಳೆದು ಲಿಂಗಸುಗೂರಿನ ಪಕ್ಕದಲ್ಲಿ ಬಿಟ್ಟರೆ ಮುಗಿಯಿತು. ಒಂದೇ ಡಿಸ್ಕಿನೊಳಗಾದರೆ ಒಳಗಿನ ಕಡತಗಳು ಅಲುಗುವುದೂ ಇಲ್ಲ. ಯಾವುದು ಯಾವುದರ ಕೆಳಗೆ ಎಂಬ ನಮೂದು ಮಾತ್ರ ಬದಲಾಗುತ್ತದೆ. ಹಳೆಯ ದಾರಿಯನ್ನೇ ನಂಬಿಕೊಂಡಿದ್ದ ಎಕ್ಸೆಲ್ ಕೊಂಡಿಗಳು ಕಡಿದುಹೋಗಬಹುದು, ಆ ಮಾತು ಬೇರೆ.

ಇನ್ನು ಹೆಸರು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಕಚೇರಿಗಳಿಗೆ ಕನ್ನಡದ ಬೆರಳಚ್ಚು ಕೊಟ್ಟಿತು, ಅದರ ಋಣ ದೊಡ್ಡದು. ಆದರೆ ಅದರ ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರದ ತುಂಡುಗಳು ಕುಳಿತದ್ದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ. ವರ್ಡ್ ಪುಟಕ್ಕೆ ನುಡಿ ಫಾಂಟ್ ಹಚ್ಚಬಹುದು; ಫೈಲ್ ಮ್ಯಾನೇಜರ್ ಹೆಸರನ್ನು ತೋರಿಸುವುದು ಸಿಸ್ಟಮ್ಮಿನ ಫಾಂಟಿನಲ್ಲಿ. ಆ ಸಂಕೇತದಲ್ಲಿ ಕಡತಕ್ಕೆ ಹೆಸರಿಟ್ಟರೆ ಅರ್ಥವಾಗದ ಗೀಚು ಮೂಡುತ್ತದೆ. ಒಳಗೆ ಅಚ್ಚಗನ್ನಡದ ನಡಾವಳಿ, ಹೊರಗೆ ಇಂಗ್ಲಿಷಿನ ‘ಮೀಟಿಂಗ್ ನ್ಯೂ ಫೈನಲ್ 2’ ಎಂಬ ರೂಢಿಗೆ ಇದೇ ಮುಖ್ಯ ಕಾರಣವೆಂದು ನನಗೆ ತೋರುತ್ತದೆ. (ಫೈನಲ್ ಆದಮೇಲೆ 2 ಏಕೆ ಎಂದು ಯಾರೂ ಕೇಳುವುದಿಲ್ಲ.) 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನೊಡನೆ ಯೂನಿಕೋಡ್ ಕನ್ನಡಕ್ಕೆ ದಾರಿ ಮಾಡಿದರೂ ಕೈಗೆ ಹತ್ತಿದ ರೂಢಿ ಬಿಡಲಿಲ್ಲ.

ಯೂನಿಕೋಡ್ ಬಂದರೂ ಎಲ್ಲ ಬಗೆಹರಿಯದು. ಊರಿನ ಹೆಸರನ್ನು ಗುರುಗುಂಟಾ, ಗುರುಗುಂಟ, ಗುರಗುಂಟಾ ಎಂದು ಹೇಗೂ ಬರೆಯಬಹುದು; ಓದುವವರಿಗೆ ಮೂರೂ ಒಂದೇ ಊರು, ಯಂತ್ರಕ್ಕೆ ಮೂರು ಬೇರೆ ಫೋಲ್ಡರು. ಗುರುಗುಂಟಾ ಎಂದು ಹುಡುಕಿದರೆ ಉಳಿದೆರಡು ಸಿಗದೆಯೇ ಹೋಗಬಹುದು. ಜಾಗದ ಪ್ರಶ್ನೆಯೂ ಉಂಟು. ಲಿನಕ್ಸ್‌ನ ಎಕ್ಸ್ಟ್4 ವ್ಯವಸ್ಥೆಯಲ್ಲಿ ಒಂದು ಹೆಸರಿನ ಮಿತಿ 255 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು, ಗುಣಿತದ ಚಿಹ್ನೆಗೂ ಸೊನ್ನೆಗೂ ಪ್ರತ್ಯೇಕ ಲೆಕ್ಕ. ಗುರುಗುಂಟಾ ಎಂಬಲ್ಲಿ ಕಾಣುವುದು ನಾಲ್ಕೇ ಅಕ್ಷರ, ಸಂಕೇತ 9, ಬೈಟು 27. ‘ಗುರುಗುಂಟಾ ಹೋಬಳಿ ಬೆಳೆಹಾನಿ ಪರಿಹಾರ ಫಲಾನುಭವಿಗಳ ಪಟ್ಟಿ’ ಎಂದು ಬರೆದರೆ 134 ಬೈಟ್, ಮಿತಿಯ ಅರ್ಧಕ್ಕೂ ಮಿಗಿಲು. ವಿಂಡೋಸಿನ ಎನ್‌ಟಿಎಫ್‌ಎಸ್ ಬೈಟನ್ನಲ್ಲ, 255 ಯುಟಿಎಫ್-16 ಘಟಕಗಳನ್ನು ಎಣಿಸುವುದರಿಂದ ಅಲ್ಲಿ ಕನ್ನಡಕ್ಕೆ ಈ ದಂಡವಿಲ್ಲ. ಇಡೀ ದಾರಿಗೆ 260ರ ಹಳೆಯ ಮಿತಿ ಮಾತ್ರ ಆಳದ ಫೋಲ್ಡರುಗಳನ್ನು ಕಾಡುತ್ತದೆ.

ಹೆಸರಿನ ತೊಡಕಿಗೆ ಒಂದು ಉಪಾಯವುಂಟು. ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಆಡಳಿತ ಕೋಶ ಪ್ರತಿ ಗ್ರಾಮಕ್ಕೂ ಒಂದು ಸಂಖ್ಯೆ ಕೊಟ್ಟಿದೆ. ಫೋಲ್ಡರಿನ ಹೆಸರು ಆ ಸಂಖ್ಯೆಯಿಂದ ಶುರುವಾಗಿ ಕನ್ನಡದ ಹೆಸರಿನಲ್ಲಿ ಮುಗಿದರೆ ಕಾಗುಣಿತದ ಜಗಳ ವಿಂಗಡಣೆಗೆ ತಟ್ಟದು, ತಾಲೂಕು ಬದಲಾದರೂ ಹುಡುಕಾಟ ದಾರಿ ತಪ್ಪದು. ಹಳೆಯ ಕಡತಗಳಿಗೆ ಈ ಉಪಾಯ ಸಾಲದು: ಪರಿವರ್ತಕಗಳು ಪುಟದೊಳಗಿನ ನುಡಿ ಪಠ್ಯವನ್ನು ಯೂನಿಕೋಡಿಗೆ ತಂದರೂ ‘ಮೀಟಿಂಗ್ ನ್ಯೂ ಫೈನಲ್ 2’ ಯಾವ ಊರಿನ, ಯಾವ ವರ್ಷದ ಸಭೆಯೆಂದು ಹೇಳಲಾರವು. ಒಬ್ಬರು ಕೂತು, ಕಡತ ತೆರೆದು, ಓದಿ, ಮರುಹೆಸರಿಡಬೇಕು.