ಉದ್ದೀಪನ ಮದ್ದು ಪರೀಕ್ಷೆಯ ವಿವಾದಗಳು

ಉದ್ದೀಪನ ಮದ್ದು ಪರೀಕ್ಷೆಯ ವಿವಾದಗಳು : ಕ್ರೀಡಾಪಟುವಿನ ಮೂತ್ರ ಅಥವಾ ರಕ್ತದಲ್ಲಿ ನಿಷೇಧಿತ ಮದ್ದಿನ ಅಂಶ ಸಿಕ್ಕಿದೆ ಎಂದು ಪ್ರಯೋಗಾಲಯ ವರದಿ ಕೊಟ್ಟ ಮೇಲೆ, ಅದು ದೇಹಕ್ಕೆ ಹೇಗೆ ಸೇರಿತು, ಎಷ್ಟು ಸೇರಿತು, ಹೊಣೆ ಯಾರದು ಎಂಬುದರ ಸುತ್ತ ಏಳುವ ತಕರಾರುಗಳು. ಇವುಗಳಲ್ಲಿ ಹೆಸರಾದ ಹಲವು ನಡೆದದ್ದು ಯುರೋಪಿನ ವೃತ್ತಿಪರ ಸೈಕಲ್ ಸ್ಪರ್ಧೆಗಳಲ್ಲಿ. ಭಾರತದಲ್ಲಿ ಅಥ್ಲೆಟಿಕ್ಸ್ ಮತ್ತು ಕುಸ್ತಿಯ ಪ್ರಕರಣಗಳು ದೊಡ್ಡ ಸುದ್ದಿಯಾದವು. ಕರ್ನಾಟಕಕ್ಕೆ ಹತ್ತಿರದ್ದು ಉಡುಪಿ ಜಿಲ್ಲೆಯ ಓಟಗಾರ್ತಿ ಅಶ್ವಿನಿ ಅಕ್ಕುಂಜಿ ಅವರ 2011ರ ಪ್ರಕರಣ. ನೇಸರಿ, ಗಡಹಿಂಗ್ಲಜ, ಇಚಲಕರಂಜಿಗಳನ್ನೊಳಗೊಂಡ ಕೊಲ್ಲಾಪುರ ಸೀಮೆಯ ಕುಸ್ತಿಪ್ರಿಯರಿಗೆ ಹತ್ತಿರದ್ದು ಪೈಲ್ವಾನ ನರಸಿಂಗ್ ಯಾದವ್ ಅವರ 2016ರ ಪ್ರಕರಣ.

ಪರೀಕ್ಷೆ ನಡೆಯುವ ರೀತಿ ತಿಳಿಯದೆ ತಕರಾರಿನ ತಿರುಳು ಅರ್ಥವಾಗದು. ಮುನ್ಸೂಚನೆಯಿಲ್ಲದೆ ಬರುವ ಅಧಿಕಾರಿಯ ಕಣ್ಣೆದುರಿಗೇ ಕ್ರೀಡಾಪಟು ಕನಿಷ್ಠ 90 ಮಿಲಿಲೀಟರ್ ಮೂತ್ರ ಕೊಡಬೇಕು. ಹೆಣ್ಣುಮಕ್ಕಳ ಮಾದರಿ ತೆಗೆದುಕೊಳ್ಳುವವರು ಹೆಂಗಸರೇ ಆಗಿರಬೇಕು. ಮುಂದಿಟ್ಟ ಕಿಟ್‌ಗಳಲ್ಲಿ ಒಂದನ್ನು ಕ್ರೀಡಾಪಟುವೇ ಆರಿಸಿಕೊಂಡು, ಮೂತ್ರವನ್ನು ‘ಎ’ ಮತ್ತು ‘ಬಿ’ ಎಂಬ ಎರಡು ಬಾಟಲಿಗಳಿಗೆ ತನ್ನ ಕೈಯಾರೆ ಸುರಿದು ಮುಚ್ಚಳ ಬಿಗಿಯುತ್ತಾನೆ. ಹಾಗೆ ಬಿಗಿದ ಮುಚ್ಚಳ ಮತ್ತೆ ಹಿಂದಕ್ಕೆ ತಿರುಗುವುದಿಲ್ಲ. ಹಿಂದಿನ ಏಳು ದಿನಗಳಲ್ಲಿ ತೆಗೆದುಕೊಂಡ ಮಾತ್ರೆ, ಟಾನಿಕ್, ಪುಡಿಗಳ ಹೆಸರನ್ನು ಫಾರಂನಲ್ಲಿ ಬರೆಯಬೇಕು. ಪ್ರಯೋಗಾಲಯಕ್ಕೆ ಹೋಗುವುದು ಸಂಖ್ಯೆ ಮಾತ್ರ, ಹೆಸರಲ್ಲ. ‘ಎ’ಯಲ್ಲಿ ಮದ್ದು ಕಂಡರೆ ‘ಬಿ’ಯನ್ನು ತನ್ನ ಸಮ್ಮುಖದಲ್ಲೇ ತೆರೆಯಿರೆಂದು ಕೇಳುವ ಹಕ್ಕು ಕ್ರೀಡಾಪಟುವಿಗಿದೆ.

ಅಲ್ಲಿಂದ ಮುಂದೆ ನಿಯಮ ಕಟುವಾಗಿದೆ. ದೇಹದೊಳಗೆ ಸಿಕ್ಕ ವಸ್ತುವಿಗೆ ಕ್ರೀಡಾಪಟುವೇ ಹೊಣೆ. ಬೇಕೆಂದೇ ಸೇವಿಸಿದ್ದು ಎಂದು ತೋರಿಸದೆಯೂ ನಿಯಮಭಂಗ ಸಾಬೀತಾಗುತ್ತದೆ. ತನ್ನ ತಪ್ಪು ಇಲ್ಲ ಅಥವಾ ಕಡಿಮೆ ಎಂದು ತೋರಿಸಿಕೊಡುವ ಭಾರ ಆಟಗಾರನ ಮೇಲೆಯೇ ಬೀಳುತ್ತದೆ. ಕಳ್ಳತನದ ಆರೋಪಿಗೂ ಸಿಗುವ ಸಂಶಯದ ಲಾಭ ಇಲ್ಲಿ ಸಿಗದು.

ಇಂಥ ನಿಯಮದ ಹಿಂದೆ ಸೈಕಲ್ ಸ್ಪರ್ಧೆಯ ಚರಿತ್ರೆಯಿದೆ. 1967ರ ಜುಲೈ 13ರಂದು ಟೂರ್ ಡಿ ಫ್ರಾನ್ಸ್‌ನ ಮಾಂಟ್ ವೆಂಟೂ ಏರಿನಲ್ಲಿ ಬ್ರಿಟನ್ನಿನ ಟಾಮ್ ಸಿಂಪ್ಸನ್ ಕುಸಿದು ಸತ್ತರು. ಅವರ ದೇಹದಲ್ಲಿ ಆಂಫೆಟಮಿನ್ ಸಿಕ್ಕಿತು. 1998ರಲ್ಲಿ ಫೆಸ್ಟಿನಾ ತಂಡದ ಕಾರು ಫ್ರಾನ್ಸಿನ ಗಡಿಯಲ್ಲಿ ಸಿಕ್ಕಿಬಿದ್ದಾಗ, ಕೆಂಪು ರಕ್ತಕಣ ಹೆಚ್ಚಿಸುವ ಇಪಿಒ ಎಂಬ ಹಾರ್ಮೋನು ತಂಡ ತಂಡಗಳನ್ನೇ ಆವರಿಸಿತ್ತು ಎಂಬುದು ಬಯಲಾಯಿತು. ಮರುವರ್ಷ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ (ವಾಡಾ) ಹುಟ್ಟಿತು. ಅದೇ 1999ರಿಂದ 2005ರವರೆಗೆ ಸತತ ಏಳು ಸಲ ಟೂರ್ ಗೆದ್ದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಪರೀಕ್ಷೆಗಳನ್ನೇ ತಮ್ಮ ಗುರಾಣಿ ಮಾಡಿಕೊಂಡಿದ್ದರು. ಅವರನ್ನು ಕೆಡವಿದ್ದು ಸಹಸವಾರರ ಪ್ರಮಾಣವಚನದ ಸಾಕ್ಷ್ಯ. 2012ರಲ್ಲಿ ಏಳೂ ಪ್ರಶಸ್ತಿಗಳು ಹೋದವು. 2013ರ ಜನವರಿಯಲ್ಲಿ ಅವರು ತಪ್ಪೊಪ್ಪಿಕೊಂಡರು.

ಪರೀಕ್ಷೆಯನ್ನೇ ಪ್ರಶ್ನಿಸಿದ ಎರಡು ಪ್ರಕರಣಗಳು ಇನ್ನೂ ಮುಖ್ಯ. 2006ರ ಟೂರ್‌ನಲ್ಲಿ ಫ್ಲಾಯ್ಡ್ ಲ್ಯಾಂಡಿಸ್ ಅವರ ಮೂತ್ರದಲ್ಲಿ ಟೆಸ್ಟೊಸ್ಟಿರಾನ್ ಅನುಪಾತ 11:1 ಇತ್ತು, ಮಿತಿ 4:1. ಪ್ಯಾರಿಸ್ ಬಳಿಯ ಪ್ರಯೋಗಾಲಯದ ಕೆಲಸ ಅಚ್ಚುಕಟ್ಟಾಗಿಲ್ಲ ಎಂದು ಅವರು ಅಭಿಮಾನಿಗಳಿಂದ ದೇಣಿಗೆ ಎತ್ತಿ ವಾದಿಸಿದರು. ಪಂಚಾಯ್ತಿದಾರರು ಪ್ರಯೋಗಾಲಯದ ಲೋಪಗಳನ್ನು ಗುರುತಿಸಿದರೂ 2–1 ಬಹುಮತದಿಂದ ಅವರ ವಿರುದ್ಧವೇ ತೀರ್ಪಿತ್ತರು. 2010ರಲ್ಲಿ ಲ್ಯಾಂಡಿಸ್ ತಾವು ಮದ್ದು ಸೇವಿಸುತ್ತಿದ್ದುದನ್ನು ಒಪ್ಪಿಕೊಂಡರು. ನಂಬಿ ಹಣ ಕೊಟ್ಟವರಿಗೆ ಇದಕ್ಕಿಂತ ದೊಡ್ಡ ದ್ರೋಹವಿಲ್ಲ. ನಿಜವಾಗಿ ನಿರಪರಾಧಿಯಾದ ಮುಂದಿನ ಆಟಗಾರನ ಮಾತನ್ನೂ ಅದು ಹಗುರ ಮಾಡಿತು.

ಸ್ಪೇನಿನ ಆಲ್ಬರ್ಟೊ ಕೊಂಟಾಡೋರ್ ಅವರದು ಬೇರೆ ಬಗೆ. 2010ರ ಜುಲೈ 21ರ ಅವರ ಮಾದರಿಯಲ್ಲಿ ಮಿಲಿಲೀಟರಿಗೆ 50 ಪಿಕೊಗ್ರಾಂನಷ್ಟು ಕ್ಲೆನ್‌ಬ್ಯುಟೆರಾಲ್ ಸಿಕ್ಕಿತು. ಕೊಬ್ಬಿಲ್ಲದ ಮಾಂಸಕ್ಕಾಗಿ ದನಗಳಿಗೆ ಕಾನೂನುಬಾಹಿರವಾಗಿ ಕೊಡುವ ಮದ್ದು ಅದು. ಸ್ಪೇನಿನಿಂದ ತರಿಸಿದ ಮಾಂಸದಿಂದ ಬಂತು ಎಂದು ಅವರು ವಾದಿಸಿದರು. 2012ರ ಫೆಬ್ರವರಿಯಲ್ಲಿ ಕ್ರೀಡಾ ಪಂಚಾಯ್ತಿ ನ್ಯಾಯಾಲಯ ಮಾಂಸದ ವಾದವನ್ನೂ ಒಪ್ಪಲಿಲ್ಲ, ರಕ್ತಪೂರಣದಿಂದ ಬಂತೆಂಬ ವಾಡಾದ ವಾದವನ್ನೂ ಒಪ್ಪಲಿಲ್ಲ. ಆದರೂ ಎರಡು ವರ್ಷ ನಿಷೇಧ ವಿಧಿಸಿತು. ಅವರ 2010ರ ಟೂರ್ ಪ್ರಶಸ್ತಿ ಆಂಡಿ ಶ್ಲೆಕ್ ಪಾಲಾಯಿತು. 2019ರಲ್ಲಿ ವಾಡಾ, ಮಿಲಿಲೀಟರಿಗೆ 5 ನ್ಯಾನೊಗ್ರಾಂಗಿಂತ ಕಡಿಮೆ ಕ್ಲೆನ್‌ಬ್ಯುಟೆರಾಲ್ ಸಿಕ್ಕರೆ ಅದು ಮಾಂಸದಿಂದ ಬಂದಿರಬಹುದೇ ಎಂದು ಮೊದಲು ತನಿಖೆ ಮಾಡಬೇಕೆಂದು ನಿಯಮ ಸಡಿಲಿಸಿತು. ಕೊಂಟಾಡೋರ್ ಮಾದರಿಯಲ್ಲಿದ್ದದ್ದು ಅದರ ನೂರರಲ್ಲೊಂದು ಪಾಲು. ಯಂತ್ರಗಳ ಕಣ್ಣು ಚುರುಕಾದಷ್ಟು ಬೇಗ ನಿಯಮಗಳ ವಿವೇಕ ಬೆಳೆಯಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಕುಂದಾಪುರ ಭಾಗದ ಸಿದ್ದಾಪುರದ ಕಡೆಯ ಅಶ್ವಿನಿ ಅಕ್ಕುಂಜಿ 2010ರಲ್ಲಿ ಮನೆಮಾತಾಗಿದ್ದರು. ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 4x400 ಮೀಟರ್ ರಿಲೇ ಚಿನ್ನ, ಆಮೇಲೆ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ರಿಲೇ ಮತ್ತು 400 ಮೀಟರ್ ಹರ್ಡಲ್ಸ್ ಎರಡರಲ್ಲೂ ಚಿನ್ನ. 2011ರ ಜೂನ್–ಜುಲೈಯಲ್ಲಿ ಅವರೂ ಸೇರಿ 400 ಮೀಟರ್ ಬಳಗದ ಆರು ಮಂದಿ ಓಟಗಾರ್ತಿಯರು ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು; ದೆಹಲಿಯಲ್ಲಿ ಜೊತೆಗೆ ಚಿನ್ನ ಗೆದ್ದ ಮನ್‌ದೀಪ್ ಕೌರ್, ಸಿನಿ ಜೋಸ್ ಅವರಲ್ಲಿದ್ದರು. ಅಶ್ವಿನಿ ಮಾದರಿಯಲ್ಲಿ ಕಂಡದ್ದು ಮೆಥಾಂಡಿಯೆನೋನ್ ಎಂಬ ಸ್ಟೆರಾಯ್ಡ್. ತರಬೇತುದಾರರು ಕೊಟ್ಟ ಜಿನ್ಸೆಂಗ್ ಮಾತ್ರೆಗಳನ್ನು ನಂಬಿ ತೆಗೆದುಕೊಂಡೆವು, ಮದ್ದು ಅದರಲ್ಲಿ ಬೆರೆತಿತ್ತು ಎಂಬುದು ಓಟಗಾರ್ತಿಯರ ಉತ್ತರ. ಉಕ್ರೇನಿನ ಕೋಚ್ ಯೂರಿ ಒಗೊರೊಡ್ನಿಕ್ ಅವರನ್ನು ಕ್ರೀಡಾ ಸಚಿವ ಅಜಯ್ ಮಾಕನ್ ವಜಾ ಮಾಡಿದರು.

ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಯ (ನಾಡಾ) ಶಿಸ್ತು ಸಮಿತಿ ಜಿನ್ಸೆಂಗ್ ವಾದವನ್ನು ಒಪ್ಪಿ, 2011ರ ಡಿಸೆಂಬರ್‌ನಲ್ಲಿ ಒಂದು ವರ್ಷದ ನಿಷೇಧ ಮಾತ್ರ ವಿಧಿಸಿತು. ಆ ಅವಧಿ ಲಂಡನ್ ಒಲಿಂಪಿಕ್ಸ್ ಹೊತ್ತಿಗೆ ಮುಗಿಯುತ್ತಿತ್ತು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ ಮೇಲ್ಮನವಿ ಹೋಯಿತು. ಅಂತರರಾಷ್ಟ್ರೀಯ ಮಟ್ಟದ ಓಟಗಾರರು ತಮಗೆ ಕೊಟ್ಟದ್ದನ್ನು ಪರಿಶೀಲಿಸದೆ ನುಂಗುವಂತಿಲ್ಲ ಎಂಬ ನಿಲುವೇ ಗೆದ್ದು, 2012ರ ಜುಲೈಯಲ್ಲಿ ಕ್ರೀಡಾ ಪಂಚಾಯ್ತಿ ನ್ಯಾಯಾಲಯ ನಿಷೇಧವನ್ನು ಎರಡು ವರ್ಷಕ್ಕೆ ಏರಿಸಿತು. ಕಾನೂನಿನ ದೃಷ್ಟಿಯಿಂದ ಇದು ಸರಿಯಿರಬಹುದು. ಆದರೆ ಶಿಬಿರದಲ್ಲಿ ಊಟ, ಮಾತ್ರೆ, ಓಟದ ವೇಳಾಪಟ್ಟಿ ಎಲ್ಲವೂ ಕೋಚ್ ಕೈಯಲ್ಲಿರುವಾಗ, ಕೊಟ್ಟದ್ದನ್ನು ಬೇಡವೆನ್ನುವುದು ತಂಡದ ಸ್ಥಾನವನ್ನೇ ಪಣಕ್ಕಿಟ್ಟಂತೆ. ಅಶ್ವಿನಿ ಎರಡು ವರ್ಷ ಕಳೆದುಕೊಂಡರು. ವಜಾಗೊಂಡ ಕೋಚ್ ಕೆಲವು ವರ್ಷಗಳಲ್ಲೇ ಭಾರತ ತಂಡಕ್ಕೆ ಮರಳಿದರು. ಈ ಅಸಮತೋಲನ ಯಾವ ತೀರ್ಪಿನಲ್ಲೂ ಸರಿಹೋಗಲಿಲ್ಲ. ಕಲಬೆರಕೆ ಉತ್ಪನ್ನದಿಂದ ಮದ್ದು ಸೇರಿದರೆ ಬರಿಯ ಎಚ್ಚರಿಕೆಯಿಂದ ಎರಡು ವರ್ಷದವರೆಗೆ ಶಿಕ್ಷೆ ಕೊಡಬಹುದೆಂಬ ಪ್ರತ್ಯೇಕ ಅವಕಾಶ ವಾಡಾ ನಿಯಮಾವಳಿಗೆ ಬಂದದ್ದು 2015ರಲ್ಲಿ.

ಕರ್ನಾಟಕದ್ದೇ ಇನ್ನೊಬ್ಬ ಓಟಗಾರ್ತಿ ಎಂ. ಆರ್. ಪೂವಮ್ಮ ಅವರಿಗೂ ಇಂಥದೇ ಏರಿಕೆ ಎದುರಾಯಿತು. 2021ರ ಫೆಬ್ರವರಿಯ ಪಟಿಯಾಲ ಕೂಟದ ಮಾದರಿಗೆ ಮೊದಲು ಸಿಕ್ಕ ಮೂರು ತಿಂಗಳ ಶಿಕ್ಷೆ, 2022ರಲ್ಲಿ ಮೇಲ್ಮನವಿ ಸಮಿತಿಯಲ್ಲಿ ಎರಡು ವರ್ಷವಾಯಿತು.

ನರಸಿಂಗ್ ಯಾದವ್ ಮೂರು ಸಲ ಮಹಾರಾಷ್ಟ್ರ ಕೇಸರಿ. ಶಾಹು ಮಹಾರಾಜರ ಕಾಲದಿಂದ ತಾಲೀಮುಗಳ ತವರಾದ ಕೊಲ್ಲಾಪುರದ ಕಡೆ ಈ ಬಿರುದಿಗೆ ಇರುವ ಮಾನ ಒಲಿಂಪಿಕ್ಸ್ ಪದಕಕ್ಕಿಂತ ಕಡಿಮೆಯೇನಲ್ಲ. ರಿಯೊ ಒಲಿಂಪಿಕ್ಸ್‌ನಲ್ಲಿ ಅವರಿಗೆ ಸಿಕ್ಕಿದ್ದ 74 ಕಿಲೊ ಸ್ಥಾನಕ್ಕಾಗಿ ಇನ್ನೊಬ್ಬ ಕುಸ್ತಿಪಟು ಸುಶೀಲ್ ಕುಮಾರ್ ಕೇಳಿದ್ದ ಆಯ್ಕೆ ಕುಸ್ತಿಯನ್ನು ದೆಹಲಿ ಹೈಕೋರ್ಟ್ 2016ರ ಜೂನ್‌ನಲ್ಲಿ ನಿರಾಕರಿಸಿತ್ತು. ಅದೇ ತಿಂಗಳ 25ರಂದು ಮತ್ತು ಜುಲೈ 5ರಂದು ಸೋನೆಪತ್ ಶಿಬಿರದಲ್ಲಿ ತೆಗೆದ ನರಸಿಂಗ್ ಮಾದರಿಗಳಲ್ಲಿ ಮೆಥಾಂಡಿಯೆನೋನ್ ಕಂಡಿತು. ಊಟ-ಪಾನೀಯದಲ್ಲಿ ಯಾರೋ ಬೆರೆಸಿದರು ಎಂಬ ಅವರ ದೂರನ್ನು ಒಪ್ಪಿ ನಾಡಾ ಆಗಸ್ಟ್ 1ರಂದು ಬಿಡುಗಡೆ ಮಾಡಿತು. ವಾಡಾ ಒಪ್ಪಲಿಲ್ಲ. ಪುಡಿಯನ್ನು ನೀರಿಗೆ ಬೆರೆಸಿದರೆ ಬರುವ ಪ್ರಮಾಣ ಇದಲ್ಲ, ಒಂದೆರಡು ಮಾತ್ರೆ ನುಂಗಿದರೆ ಬರುವಂಥದು ಎಂಬ ತಜ್ಞಾಭಿಪ್ರಾಯವನ್ನು ನೆಚ್ಚಿ, ಕ್ರೀಡಾ ಪಂಚಾಯ್ತಿ ನ್ಯಾಯಾಲಯ ಆಗಸ್ಟ್ 18ರಂದು ರಿಯೊದಲ್ಲೇ ನಾಲ್ಕು ವರ್ಷ ನಿಷೇಧ ವಿಧಿಸಿತು. ಮರುದಿನ ಅವರ ಕುಸ್ತಿಯಿತ್ತು.

ಪ್ರಯೋಗಾಲಯಗಳೂ ತಪ್ಪಿಗೆ ಹೊರತಲ್ಲ. ಗುಣಮಟ್ಟದ ಕೊರತೆಗಾಗಿ ದೆಹಲಿಯ ರಾಷ್ಟ್ರೀಯ ಪ್ರಯೋಗಾಲಯದ ಮಾನ್ಯತೆಯನ್ನು ವಾಡಾ 2019ರ ಆಗಸ್ಟ್‌ನಲ್ಲಿ ಅಮಾನತು ಮಾಡಿತ್ತು. ಅದು ಮರಳಿದ್ದು 2021ರ ಡಿಸೆಂಬರ್‌ನಲ್ಲಿ. 2022ರಲ್ಲಿ ಸಂಸತ್ತು ಉದ್ದೀಪನ ಮದ್ದು ತಡೆಗೆ ಪ್ರತ್ಯೇಕ ಕಾಯ್ದೆ ಮಾಡಿತು. ಆದರೂ 2023ರಲ್ಲಿ ಭಾರತದ 5,606 ಮಾದರಿಗಳಲ್ಲಿ 213 ಮದ್ದು ತೋರಿದವು. ಮದ್ದಿನ ಪಿಡುಗು ಕಟ್ಟುಕಥೆಯಲ್ಲ ಎಂಬುದಕ್ಕೆ ಈ ಅಂಕಿಯೇ ಸಾಕು.

ಸೈಕ್ಲಿಂಗ್‌ಗೆ ಹೆಸರಾದ ವಿಜಯಪುರ, ಬಾಗಲಕೋಟೆ ಕಡೆಯ ಎಳೆಯ ಕ್ರೀಡಾಪಟುಗಳ ಮಟ್ಟಿಗೆ 2021ರ ವಾಡಾ ನಿಯಮಾವಳಿಯ ಒಂದು ಬದಲಾವಣೆ ಗಮನಿಸಬೇಕಾದದ್ದು. ಹದಿನಾರು ತುಂಬದವರನ್ನೂ, ಅಂತರರಾಷ್ಟ್ರೀಯ ಸ್ಪರ್ಧೆಗಿಳಿಯದ ಹದಿನೆಂಟರ ಒಳಗಿನವರನ್ನೂ ಅದು ರಕ್ಷಿತರೆಂದು ಗುರುತಿಸಿದೆ. ಮದ್ದು ದೇಹಕ್ಕೆ ಹೇಗೆ ಸೇರಿತು ಎಂದು ತೋರಿಸಲಾಗದಿದ್ದರೂ ಇವರು ಶಿಕ್ಷೆಯ ಕಡಿತ ಕೇಳಬಹುದು.