'ಡಾ.' ಎಂಬ ಒಂದಕ್ಷರ: ಹಲಗೆ ಯಾರಿಗಾಗಿ?

ಜಿಲ್ಲಾ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಚೀಟಿ ಹಿಡಿದು ನಿಂತವರಿಗೆ ಬಿಳಿ ಕೋಟು ತೊಟ್ಟವರೆಲ್ಲ 'ಡಾಕ್ಟ್ರೇ'. ಅವರು ತಜ್ಞರೋ, ಹೌಸ್ ಸರ್ಜನ್ನೋ, ಇನ್ನೂ ಓದುತ್ತಿರುವ ವಿದ್ಯಾರ್ಥಿಯೋ ರೋಗಿಗೆ ತಿಳಿಯದು. ಕೇಳುವ ಧೈರ್ಯವೂ ಇರುವುದಿಲ್ಲ. ಊರಿನಲ್ಲಾದರೆ ಔಷಧದಂಗಡಿಯವರೂ ಡಾಕ್ಟ್ರೇ, ಸೂಜಿ ಚುಚ್ಚುವ ಕಾಂಪೌಂಡರೂ ಡಾಕ್ಟ್ರೇ. ಇದು ನಮ್ಮ ಜನರ ಸೌಜನ್ಯ ಎಂದು ಸುಮ್ಮನಿರಬಹುದಿತ್ತು. ಆದರೆ 2025ರ ಸೆಪ್ಟೆಂಬರ್‌ನಲ್ಲಿ ಈ ಒಂದಕ್ಷರ ದೆಹಲಿಯಲ್ಲೇ ರಂಪ ಎಬ್ಬಿಸಿತು.

ಆ ವರ್ಷದ ಆರಂಭದಲ್ಲಿ ಪ್ರಕಟವಾಗಿದ್ದ ಹೊಸ ಪಠ್ಯಕ್ರಮವೊಂದು, ಫಿಸಿಯೋಥೆರಪಿ ಪದವೀಧರರು ಹೆಸರಿಗೆ ಮೊದಲು 'ಡಾ.' ಎಂದೂ ಕೊನೆಯಲ್ಲಿ 'ಪಿ.ಟಿ.' ಎಂದೂ ಬರೆದುಕೊಳ್ಳಬಹುದೆಂದು ಹೇಳಿತ್ತು. ಇದರಿಂದ ರೋಗಿಗಳಿಗೆ ತಪ್ಪು ತಿಳಿವಳಿಕೆ ಆಗುತ್ತದೆ, 'ಡಾ.' ಬಳಸಕೂಡದು ಎಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಸೆಪ್ಟೆಂಬರ್ 9ರಂದು ಪತ್ರ ಬರೆಯಿತು. ಮರುದಿನವೇ ಇನ್ನೊಂದು ಪತ್ರ ಬಂತು: ವಿಷಯವನ್ನು ಇನ್ನಷ್ಟು ಪರಿಶೀಲಿಸಬೇಕಾಗಿದೆ, ಹಿಂದಿನ ಪತ್ರ ವಾಪಸು. ಒಂದೇ ದಿನದಲ್ಲಿ ಹೀಗೆ ಮಾತು ಬದಲಾದುದಕ್ಕೆ ನಕ್ಕವರುಂಟು. ಆದರೆ ಜಗಳ ಮಾತ್ರ ಬಹಳ ಹಳೆಯದು.

'ಡಾಕ್ಟರ್' ಎಂಬುದು ಮೂಲತಃ ವೈದ್ಯರ ಸ್ವತ್ತೇ ಅಲ್ಲ. 'ಕಲಿಸು' ಎಂಬರ್ಥದ ಲ್ಯಾಟಿನ್ ಪದದಿಂದ ಹುಟ್ಟಿದ ಇದು, ಮಧ್ಯಯುಗದ ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಧರ್ಮಶಾಸ್ತ್ರ, ಕಾನೂನು, ವೈದ್ಯಶಾಸ್ತ್ರಗಳನ್ನು ಬೋಧಿಸಬಲ್ಲವರಿಗೆ ಸಲ್ಲುತ್ತಿದ್ದ ಬಿರುದು. ನಮ್ಮಲ್ಲೂ ಮೈಸೂರು ವಿಶ್ವವಿದ್ಯಾಲಯ 1976ರಲ್ಲಿ ಗೌರವ ಡಾಕ್ಟರೇಟ್ ನೀಡಿದ ಮೇಲೆ ರಾಜ್‌ಕುಮಾರ್ ಅವರ ಹೆಸರಿಗೆ 'ಡಾ.' ಅಂಟಿಕೊಂಡಿತು. ಜ್ವರ ಬಂತೆಂದು ಯಾರೂ ಅವರ ಮನೆಗೆ ಹೋಗಲಿಲ್ಲ. ಅಕ್ಷರದಿಂದಷ್ಟೇ ಮೋಸವಾಗುವುದಿಲ್ಲ, ಅದು ಯಾವ ಬಾಗಿಲ ಮೇಲೆ ತೂಗುತ್ತಿದೆ ಎಂಬುದು ಮುಖ್ಯ.

ಇಂಗ್ಲೆಂಡಿನಲ್ಲಿ ಶಸ್ತ್ರವೈದ್ಯರಿಗೆ ಈ ಬಿರುದು ಇರಲೇ ಇಲ್ಲ. ಅವರು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದೆ, ಗುರುವಿನ ಕೈಕೆಳಗೆ ಕೆಲಸ ಮಾಡುತ್ತ ಕಲಿತವರು. 1540ರಿಂದ 1745ರವರೆಗೆ ಲಂಡನ್ನಿನಲ್ಲಿ ಕ್ಷೌರಿಕರಿಗೂ ಶಸ್ತ್ರವೈದ್ಯರಿಗೂ ಒಂದೇ ಸಂಘ. ಆದ್ದರಿಂದ ಅವರು ಬರಿಯ 'ಮಿಸ್ಟರ್'. ಒಂದು ಕಾಲಕ್ಕೆ ಕೀಳರಿಮೆಯ ಗುರುತಾಗಿದ್ದುದೇ ಮುಂದೆ ಹೆಮ್ಮೆಯಾಗಿ, ಈಗಲೂ ಅಲ್ಲಿನ ಶಸ್ತ್ರಚಿಕಿತ್ಸಕರು 'ಮಿಸ್ಟರ್' ಎಂದೇ ಕರೆಸಿಕೊಳ್ಳುತ್ತಾರೆ.

ಬ್ರಿಟನ್ನಿನ 1858ರ ವೈದ್ಯಕೀಯ ಕಾಯ್ದೆ ಅರ್ಹ ವೈದ್ಯರ ಅಧಿಕೃತ ಪಟ್ಟಿಯನ್ನು ತಯಾರಿಸಿತು. ಆದರೆ ಪಟ್ಟಿಯ ಹೊರಗಿದ್ದವರು ಚಿಕಿತ್ಸೆ ಮಾಡಬಾರದೆಂದು ಅದು ಹೇಳಲಿಲ್ಲ. ಪಟ್ಟಿಯಲ್ಲಿರುವ ವೈದ್ಯನೆಂದು ಸುಳ್ಳು ಹೇಳಿಕೊಳ್ಳುವುದಷ್ಟೇ ಅಪರಾಧ. ನಾಡವೈದ್ಯನ ಬಳಿಗೆ ಹೋಗುವುದು ರೋಗಿಯ ಇಷ್ಟ, ಆದರೆ ಹೋಗುತ್ತಿರುವುದು ನಾಡವೈದ್ಯನ ಬಳಿಗೇ ಎಂದು ಅವನಿಗೆ ಗೊತ್ತಿರಬೇಕು ಎಂಬ ಲೆಕ್ಕಾಚಾರ ಅದರಲ್ಲಿತ್ತು. ಇದೇ ಧಾಟಿಯಲ್ಲಿ ಭಾರತಕ್ಕೆ 1916ರಲ್ಲಿ ವೈದ್ಯಕೀಯ ಪದವಿಗಳ ಕಾಯ್ದೆ ಬಂತು. ಪಾಶ್ಚಾತ್ಯ ವೈದ್ಯದ ಪದವಿ ಇದೆಯೆಂದು ಸುಳ್ಳು ಅಕ್ಷರ ಬರೆದುಕೊಂಡವರಿಗೆ 250 ರೂಪಾಯಿವರೆಗೆ ದಂಡ. ಆಯುರ್ವೇದ, ಯುನಾನಿ, ಹೋಮಿಯೋಪಥಿ ಈ ಕಾಯ್ದೆಯ ವ್ಯಾಪ್ತಿಗೆ ಬರಲಿಲ್ಲ.

ಆದರೆ ಇಲ್ಲಿ ಬಿರುದುಗಳ ಗೊಂದಲ ಎಬ್ಬಿಸಿದ್ದು ನಕಲಿ ವೈದ್ಯರಿಗಿಂತ ಹೆಚ್ಚಾಗಿ ಸರ್ಕಾರವೇ. 1822ರಲ್ಲಿ ಕಲ್ಕತ್ತದಲ್ಲಿ ಶಾಲೆ ತೆರೆದು, ಅಲ್ಲಿ ಕಲಿತವರಿಗೆ ಕಂಪನಿ ಸರ್ಕಾರ 'ನೇಟಿವ್ ಡಾಕ್ಟರ್' ಎಂದು ಹೆಸರಿಟ್ಟಿತು. ಡಾಕ್ಟರ್ ಎಂಬ ಮಾತಿತ್ತು, ಸ್ಥಾನ ಮಾತ್ರ ಯುರೋಪಿಯನ್ ಸರ್ಜನ್ನರ ಕೈಯಾಳಿನದು. ಮುಂದೆ ಅದೇ ದರ್ಜೆ 'ಹಾಸ್ಪಿಟಲ್ ಅಸಿಸ್ಟೆಂಟ್' ಆಯಿತು, ಆಮೇಲೆ 'ಸಬ್ ಅಸಿಸ್ಟೆಂಟ್ ಸರ್ಜನ್' ಆಯಿತು. ಕೆಲಸ ಬಹುಮಟ್ಟಿಗೆ ಅದೇ, ಹಲಗೆ ಮಾತ್ರ ಬೇರೆ ಬೇರೆ.

ಇವರ ಜೊತೆಗೆ ಬಂದವರು ಎಲ್.ಎಂ.ಪಿ. ಡಾಕ್ಟರು. ವಿಶ್ವವಿದ್ಯಾಲಯದ ಪದವಿಯಿಲ್ಲದೆ, ವೈದ್ಯಕೀಯ ಶಾಲೆಗಳಲ್ಲಿ ಕಲಿತು ಪರವಾನಗಿ ಪಡೆದವರು. ಮೈಸೂರು ಸಂಸ್ಥಾನದಲ್ಲೂ ಮೊದಲು ಇದ್ದದ್ದು ಬೆಂಗಳೂರಿನ ಇಂಥ ಶಾಲೆಯೇ. 1924ರಲ್ಲಿ ಮೈಸೂರು ವೈದ್ಯಕೀಯ ಕಾಲೇಜು ಆರಂಭವಾಗಿ, 1930ರಲ್ಲಿ ಮೈಸೂರಿಗೆ ಸ್ಥಳಾಂತರಗೊಂಡಿತು. ಇವರನ್ನು 1933ರ ಭಾರತೀಯ ವೈದ್ಯಕೀಯ ಮಂಡಳಿ ಕಾಯ್ದೆ ಹೊರಗಿಟ್ಟಿತು. ಪದವೀಧರರ ಮರ್ಯಾದೆ ಉಳಿಯಬೇಕೆಂಬ ಹಠ ಅದರ ಹಿಂದಿತ್ತು. ರೋಗಿಗಳು ನಿಜವಾಗಿ ಯಾರ ಬಳಿಗೆ ಹೋಗುತ್ತಿದ್ದರು? 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿಯ ಲೆಕ್ಕದಲ್ಲಿ ದೇಶದಲ್ಲಿ ನೋಂದಾಯಿತರಾಗಿದ್ದವರು 47,524 ಮಂದಿ. ಅವರಲ್ಲಿ 29,870 ಮಂದಿ ಲೈಸೆನ್ಷಿಯೇಟರು. ಸಮಿತಿ ಇನ್ನು ಒಂದೇ ದರ್ಜೆಯ ವೈದ್ಯರು ಸಾಕೆಂದಿತು, ಎಲ್.ಎಂ.ಪಿ. ಕೋರ್ಸ್ ಕ್ರಮೇಣ ನಿಂತುಹೋಯಿತು. ಒಂದೇ ದರ್ಜೆ ಎಂಬುದು ಕೇಳಲು ಚೆನ್ನ. ಆದರೆ ಹಳ್ಳಿಯಲ್ಲಿ ತೆರವಾದ ಕುರ್ಚಿ ಖಾಲಿ ಉಳಿಯಲಿಲ್ಲ. ಕಾನೂನಿನ ಪ್ರಕಾರ ನೋಂದಾಯಿತ ವೈದ್ಯ ಎಂಬರ್ಥದ 'ಆರ್.ಎಂ.ಪಿ.' ಎಂಬ ಅಕ್ಷರಗಳು, ತೆಲುಗು ನಾಡಿನಲ್ಲೂ ಅದಕ್ಕೆ ಹೊಂದಿದ ನಮ್ಮ ಜಿಲ್ಲೆಗಳಲ್ಲೂ ಎಲ್ಲಿಯೂ ನೋಂದಾಯಿಸದ ಊರ ಡಾಕ್ಟರನ ಹೆಸರಾದವು! ಪದವೊಂದು ಹೀಗೆ ತಲೆಕೆಳಗಾದ ಉದಾಹರಣೆ ಅಪರೂಪ.

ಇಷ್ಟೆಲ್ಲ ವಾದದಲ್ಲಿ ರೋಗಿ ಕಾಣಿಸಿಕೊಳ್ಳುವುದು ತೀರ ತಡವಾಗಿ, ಅದೂ ಸಾವಿನ ಮೂಲಕ. 1992ರಲ್ಲಿ ಮುಂಬೈಯಲ್ಲಿ ಒಬ್ಬ ಗೃಹಸ್ಥರಿಗೆ ಜ್ವರ ಬಂತು. ನೋಡಿದವರು ಹೋಮಿಯೋಪಥಿ ಡಿಪ್ಲೊಮಾ ಪಡೆದವರು, ಕೊಟ್ಟದ್ದು ಅಲೋಪಥಿ ಔಷಧ. ಮೊದಲು ವೈರಲ್ ಜ್ವರವೆಂದು, ಆಮೇಲೆ ಟೈಫಾಯಿಡ್ ಎಂದು ಮದ್ದು ನಡೆಯಿತು, ರೋಗಿ ಉಳಿಯಲಿಲ್ಲ. ಪತ್ನಿ ರಾಷ್ಟ್ರೀಯ ಗ್ರಾಹಕ ಆಯೋಗದಲ್ಲಿ ಸೋತರೂ ಬಿಡದೆ ಸುಪ್ರೀಂ ಕೋರ್ಟಿಗೆ ಹೋದರು. 1996ರಲ್ಲಿ ನ್ಯಾಯಾಲಯ 3 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ತಾನು ಕಲಿಯದ ಪದ್ಧತಿಯಲ್ಲಿ ಚಿಕಿತ್ಸೆ ಮಾಡುವವನು ಆ ಪದ್ಧತಿಯ ಮಟ್ಟಿಗೆ ಕಪಟ ವೈದ್ಯನೇ ಎಂಬುದು ಅದರ ನಿಲುವು. ನಮ್ಮ ಹಳೆಯ ಮಾತಿನಲ್ಲಿ, ಅಳಲೆಕಾಯಿ ಪಂಡಿತ. ಆ ವ್ಯಕ್ತಿಯ ಪದವಿ ಸುಳ್ಳಾಗಿರಲಿಲ್ಲ, ಹೆಸರಿಗೆ ಮೊದಲಿನ 'ಡಾ.' ಕೂಡ ಸುಳ್ಳೆನ್ನುವಂತಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. 1916ರ ಕಾಯ್ದೆಯ ಕಣ್ಣಿಗೆ ಬೀಳದ ತಪ್ಪು ಇದು.

ಬಿರುದಿನ ಕಾನೂನು ಎಲ್ಲಿಂದ ಹೊರಟಿತೋ ಆ ಇಂಗ್ಲೆಂಡಿನಲ್ಲೂ ಇತ್ತೀಚೆಗೆ ಇಂಥದೇ ಪ್ರಕರಣ ನಡೆಯಿತು. ವೈದ್ಯರ ಕೈಕೆಳಗೆ ದುಡಿಯಲು ಎರಡು ವರ್ಷದ ತರಬೇತಿ ಪಡೆದ 'ಫಿಸಿಶಿಯನ್ ಅಸೋಸಿಯೇಟ್' ಎಂಬ ದರ್ಜೆ ಅಲ್ಲಿದೆ. 2022ರಲ್ಲಿ ಮೂವತ್ತು ವರ್ಷದ ಯುವತಿಯೊಬ್ಬಳು ಕಾಲುನೋವು, ಉಸಿರಾಟದ ತೊಂದರೆ ಎಂದು ಎರಡು ಬಾರಿ ಇಂಥವರಿಗೆ ತೋರಿಸಿದಳು. ಶ್ವಾಸಕೋಶದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದು ಪತ್ತೆಯಾಗದೆ ಅವಳು ತೀರಿಕೊಂಡಳು. ತನ್ನನ್ನು ನೋಡಿದ್ದು ಡಾಕ್ಟರೆಂದೇ ಅವಳು ನಂಬಿದ್ದಳು. ಯಾರೂ ಹಾಗೆ ಹೇಳಿರಲಿಲ್ಲ, ಅಲ್ಲವೆಂದೂ ತಿಳಿಸಿರಲಿಲ್ಲ. 2025ರ ಜುಲೈನಲ್ಲಿ ಬಂದ ಪರಿಶೀಲನಾ ವರದಿ, ಈ ದರ್ಜೆಯವರನ್ನು 'ಫಿಸಿಶಿಯನ್ ಅಸಿಸ್ಟೆಂಟ್' ಎಂದು ಕರೆಯಬೇಕು, ಉಡುಪು, ಬ್ಯಾಡ್ಜುಗಳಲ್ಲಿ ವ್ಯತ್ಯಾಸ ಕಾಣಬೇಕು ಎಂದು ಶಿಫಾರಸು ಮಾಡಿತು.

ನಮ್ಮಲ್ಲಿ ನಿಯಮಗಳಿಗೆ ಕೊರತೆಯಿಲ್ಲ. ವೈದ್ಯರು ನೋಂದಣಿ ಸಂಖ್ಯೆಯನ್ನು ಚಿಕಿತ್ಸಾಲಯದಲ್ಲೂ ಔಷಧ ಚೀಟಿಯಲ್ಲೂ ತೋರಿಸಬೇಕೆಂದು 2002ರ ನೀತಿಸಂಹಿತೆ ವಿಧಿಸಿತು. ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಲ್ಲಿ ಬಂತು. ಅದರಡಿ 2024ರಲ್ಲಿ ಆರೋಗ್ಯ ಇಲಾಖೆ ಹೊರಡಿಸಿದ ಆದೇಶದಂತೆ ಪ್ರತಿ ಆಸ್ಪತ್ರೆ, ಕ್ಲಿನಿಕ್ಕಿನ ಬಾಗಿಲಲ್ಲಿ ಹಲಗೆ ಇರಬೇಕು. ಅಲೋಪಥಿಗೆ ನೀಲಿ, ಆಯುರ್ವೇದಕ್ಕೆ ಹಸಿರು. ಅಕ್ಷರ ಬಾರದವರೂ ಬಣ್ಣ ನೋಡಿ ತಿಳಿಯಬಹುದು. ಬಿರುದಿನ ನಿಯಮಗಳ ಪೈಕಿ ರೋಗಿಯ ಕಡೆಯಿಂದ ಯೋಚಿಸಿದ್ದು ಇದೊಂದೇ ಇರಬೇಕು.

ಆದರೆ ಹಲಗೆ ಬಾಗಿಲಿನ ಹೊರಗೇ ನಿಲ್ಲುತ್ತದೆ. ಒಳಗೆ ಮಂಚದ ಬಳಿ ಬಂದವರು ಯಾರೆಂದು ಬಾಯಿಬಿಟ್ಟು ಹೇಳಬೇಕು. ಕ್ಯಾನ್ಸರಿಗೆ ತುತ್ತಾದ ಬ್ರಿಟಿಷ್ ವೈದ್ಯೆ ಕೇಟ್ ಗ್ರ್ಯಾಂಜರ್ ತಾವೇ ರೋಗಿಯಾಗಿ ಮಲಗಿದಾಗ, ಬಂದು ಹೋಗುವ ಸಿಬ್ಬಂದಿಯಲ್ಲಿ ಅನೇಕರು ಹೆಸರನ್ನೂ ಹೇಳದಿರುವುದನ್ನು ಕಂಡರು. 'ನಮಸ್ಕಾರ, ನನ್ನ ಹೆಸರು ಇಂಥದು' ಎಂದಷ್ಟೇ ಹೇಳಿ ಎಂದು 2013ರಲ್ಲಿ ಅವರು ಆರಂಭಿಸಿದ ಆಂದೋಲನಕ್ಕೆ ದೊಡ್ಡ ಸಂಖ್ಯೆಯಲ್ಲಿ ಆಸ್ಪತ್ರೆ ಸಿಬ್ಬಂದಿ ಕೈಜೋಡಿಸಿದರು. 2016ರಲ್ಲಿ ಅವರು ತೀರಿಕೊಂಡರು. ಇದಕ್ಕೆ ಕಾಯ್ದೆ ಬೇಕಾಗಲಿಲ್ಲ, ದಂಡವೂ ಇರಲಿಲ್ಲ.